ನಮ್ಮ ಭವನ, ಅವರ ಬೆನ್ನು



ವೇಮಗಲ್ ಸಮೀಪ ನಮ್ಮ ಸಮಾಜದ ಸಮುದಾಯ ಭವನದ ಕೆಲಸ ನಡೆಯುತ್ತಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಸರ್ಕಾರದ ಎಂಜಿನಿಯರ್ ಆಗಿ ನಿವೃತ್ತನಾದವನು, ಮನೆಯಲ್ಲಿ ಸುಮ್ಮನೆ ಕೂತಿದ್ದಾನೆ ಎಂಬ ಕಾರಣಕ್ಕೆ ಸಮಿತಿಯವರು ಅದರ ಮೇಲ್ವಿಚಾರಣೆಯನ್ನು ನನಗೆ ಒಪ್ಪಿಸಿದರು. ಸಂತೋಷದಿಂದಲೇ ಒಪ್ಪಿಕೊಂಡೆ. ಈ ಸಂಚಿಕೆಯ ಸಂಪಾದಕೀಯ ಬರೆಯಬೇಕೆಂದಾಗ ಬೇರೆ ವಿಷಯಗಳೂ ಮನಸ್ಸಿನಲ್ಲಿದ್ದವು. ಆದರೆ ಆ ಕಟ್ಟಡದಲ್ಲಿ ಕಂಡದ್ದನ್ನು ಬಿಟ್ಟು ಬೇರೆ ಬರೆಯಲು ಮನಸ್ಸು ಒಪ್ಪಲಿಲ್ಲ.

ಒಂದು ದಿನ ಬೆಳಿಗ್ಗೆ ಒಂಬತ್ತೂವರೆ ಇರಬಹುದು. ಮೊದಲ ಮಹಡಿಯ ಗೋಡೆಗೆ ಬ್ಲಾಕ್ ಸಾಗಿಸುತ್ತಿದ್ದರು. ಆರಿಂಚಿನ ಸಾಲಿಡ್ ಬ್ಲಾಕ್, ಒಂದೊಂದೂ ಸುಮಾರು 25 ಕೆಜಿ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಬ್ಲಾಕ್, ಕೈಹಿಡಿ ಇಲ್ಲದ ಹಸಿ ಮೆಟ್ಟಿಲು. ಸಾಲಿನಲ್ಲಿದ್ದ ಒಬ್ಬ ತಾಯಿ ಬ್ಲಾಕ್ ಇಳಿಸಿ, ಸೊಂಟಕ್ಕೆ ಕೈ ಕೊಟ್ಟು, ಮೆಟ್ಟಿಲ ಮೇಲೆಯೇ ಕುಸಿದು ಕೂತರು. ರಾಯಚೂರು ಕಡೆಯಿಂದ ಕೆಲಸ ಹುಡುಕಿ ಬಂದ ತಂಡದವರು.

"ಏನಾಯ್ತಮ್ಮ?" ಎಂದೆ.

"ಏನಿಲ್ರಿ ಸಾಹೇಬ್ರ, ನಡಾ ಹಿಡದೈತ್ರಿ. ಸಂಜೀಕ ಗುಳಿಗಿ ನುಂಗಿದ್ರ ಬಿಡ್ತೈತ್ರಿ."

ಎಷ್ಟು ದಿನದಿಂದ ಎಂದು ಕೇಳಿದೆ. ಮೂರು ವರ್ಷದಿಂದ, ದಿನಾ ಗುಳಿಗೆ. ಐವತ್ತು ದಾಟಿದವರೆಂದು ನಾನು ಅಂದುಕೊಂಡಿದ್ದೆ. ಹಾಜರಿ ಪುಸ್ತಕ ತೆಗೆದು ನೋಡಿದರೆ ವಯಸ್ಸು ಮೂವತ್ತನಾಲ್ಕು. ನನ್ನ ಸೊಸೆಯ ವಯಸ್ಸು.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಎಸ್ಟಿಮೇಟ್ ಬರೆದಿದ್ದೇನೆ. ಸೇತುವೆ, ಶಾಲೆ, ಆಸ್ಪತ್ರೆ, ಕಚೇರಿ ಎಷ್ಟೋ. ನಮ್ಮ ದರಪಟ್ಟಿಯಲ್ಲಿ ಲೀಡ್ ಮತ್ತು ಲಿಫ್ಟ್ ಎಂಬ ಎರಡು ಮಾತುಗಳಿವೆ. ಸಾಮಾನನ್ನು ಎಷ್ಟು ದೂರ ಸಾಗಿಸಬೇಕು ಎಂಬುದು ಲೀಡ್, ಎಷ್ಟು ಎತ್ತರಕ್ಕೆ ಏರಿಸಬೇಕು ಎಂಬುದು ಲಿಫ್ಟ್. ಎರಡಕ್ಕೂ ಹಣ ಇದೆ. ದೂರವನ್ನೂ ಎತ್ತರವನ್ನೂ ಟೇಪು ಹಿಡಿದು ಅಳೆದು, ಲೆಕ್ಕ ತಪ್ಪಿದ ಕಿರಿಯ ಎಂಜಿನಿಯರುಗಳನ್ನು ಗದರಿಸಿದ್ದೇನೆ. ಆ ಲಿಫ್ಟ್ ಯಾರ ಕುತ್ತಿಗೆಯ ಮೇಲೆ ಆಗುತ್ತದೆ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಲು ಕಾಲಂ ಇರಲಿಲ್ಲ, ನಿಜ. ಕಾಲಂ ಇಲ್ಲದ ಎಷ್ಟೋ ವಿಷಯ ಕೇಳಿದ್ದೇನೆ, ಇದನ್ನು ಮಾತ್ರ ಕೇಳಲಿಲ್ಲ.

ಆ ರಾತ್ರಿ ಮನೆಯಲ್ಲಿ ಕೂತು ತೊಲೆಗೆ ಮಾಡುವ ಲೆಕ್ಕವನ್ನೇ ಬೆನ್ನಿಗೂ ಮಾಡಿದೆ. ಓದುಗರಲ್ಲಿ ಎಂಜಿನಿಯರುಗಳು ಇದ್ದೀರಿ, ಇಲ್ಲದವರೂ ಇದ್ದೀರಿ, ಎಲ್ಲರಿಗೂ ಅರ್ಥವಾಗುವಂತೆ ಹೇಳುತ್ತೇನೆ. ತಕ್ಕಡಿಯನ್ನೋ ಹಾರೆಯನ್ನೋ ನೆನೆಯಿರಿ. ಆಧಾರದಿಂದ ಭಾರ ಎಷ್ಟು ದೂರವಿದೆಯೋ ಅಷ್ಟು ಅದರ ಎಳೆತ ಹೆಚ್ಚು. ನೆಲದ ಮೇಲಿನ ಬ್ಲಾಕನ್ನು ಬಗ್ಗಿ ಎತ್ತುವಾಗ ಆಧಾರ ಇರುವುದು ಸೊಂಟದ ಕೆಳಗಿನ ಮೂಳೆಯ ಕೀಲಿನಲ್ಲಿ. ಸೊಂಟದ ಮೇಲಿನ ಮೈಭಾರ ಸುಮಾರು 33 ಕೆಜಿ, ಬಗ್ಗಿದಾಗ ಅದು ಕೀಲಿನಿಂದ ಸುಮಾರು 25 ಸೆಂಟಿಮೀಟರ್ ಮುಂದೆ ಇರುತ್ತದೆ. ಬ್ಲಾಕಿನ 25 ಕೆಜಿ ಸುಮಾರು 45 ಸೆಂಟಿಮೀಟರ್ ಮುಂದೆ. ಈ ಎರಡನ್ನೂ ಹಿಂದಕ್ಕೆ ಎಳೆದು ಹಿಡಿಯಬೇಕಾದ ಬೆನ್ನಿನ ಸ್ನಾಯು ಕೀಲಿನಿಂದ ಬರೀ ಐದು ಸೆಂಟಿಮೀಟರ್ ಹಿಂದಿದೆ. ಗುಣಿಸಿ, ಕೂಡಿಸಿ, ಐದರಿಂದ ಭಾಗಿಸಿದರೆ ಸಿಗುವುದು ಸುಮಾರು 390 ಕೆಜಿ. ಅಂದರೆ 25 ಕೆಜಿ ಬ್ಲಾಕ್ ಎತ್ತುವ ಪ್ರತಿ ಸಲವೂ ಆ ಕೀಲಿನ ನಡುವಿನ ಮೆತ್ತೆ ಏಳೆಂಟು ಮೂಟೆ ಸಿಮೆಂಟಿನ ಒತ್ತಡ ತಡೆಯುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಈ ಕೀಲಿಗೆ ಹಾಕಿಕೊಂಡ ಮಿತಿ 3400 ನ್ಯೂಟನ್, ನಮ್ಮ ಲೆಕ್ಕದಲ್ಲಿ ಸುಮಾರು 350 ಕೆಜಿ.

ಅದೇ ಬ್ಲಾಕು ಸೊಂಟದ ಎತ್ತರದಲ್ಲಿ ಒಂದು ಹಲಗೆಯ ಮೇಲಿದ್ದರೆ? ನೇರ ನಿಂತು, ಮೈಗೆ ಹತ್ತಿರ ಎಳೆದುಕೊಂಡು ಎತ್ತಬಹುದು. ಸ್ನಾಯುವಿನ ಎಳೆತ ಸುಮಾರು 200 ಕೆಜಿಗೆ ಇಳಿಯುತ್ತದೆ. ಒರಟು ಲೆಕ್ಕವೇ ಇರಲಿ, ಹೆಚ್ಚುಕಡಿಮೆ ಅರ್ಧ. ಬ್ಲಾಕ್ ಬದಲಾಗಲಿಲ್ಲ, ಆಳು ಬದಲಾಗಲಿಲ್ಲ, ಎರಡು ಡ್ರಮ್ಮಿನ ಮೇಲೆ ಒಂದು ಹಲಗೆ ಬಂತು ಅಷ್ಟೆ.

ಕಾನೂನು ಏನೂ ಹೇಳಿಲ್ಲವೆಂದಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ ಕೆಳಗೆ 1998ರಲ್ಲಿ ಬಂದ ಕೇಂದ್ರ ನಿಯಮಗಳಲ್ಲಿ ಒಬ್ಬರೇ ಹೊರಬಹುದಾದ ಭಾರಕ್ಕೆ ಮಿತಿ ಹಾಕಿದ್ದರು: ವಯಸ್ಕ ಗಂಡಸಿಗೆ 55 ಕೆಜಿ, ವಯಸ್ಕ ಹೆಂಗಸಿಗೆ 30. ಸಿಮೆಂಟ್ ಮೂಟೆ 50 ಕೆಜಿ. ಹಾಗಾದರೆ ಒಬ್ಬ ಹೆಣ್ಣಾಳಿನ ತಲೆಯ ಮೇಲೆ ಪೂರ್ತಿ ಮೂಟೆ ಹೊರಿಸಿದರೆ ಆ ಮಿತಿ ಮೀರಿದಂತೆಯೇ. ಇಂಥದ್ದನ್ನು ನೋಡದ ಒಂದು ಊರು ಹೇಳಿ. ಬ್ರಿಟನ್ನಿನಲ್ಲಿ ಸಿಮೆಂಟ್ ಚೀಲವನ್ನೇ 25 ಕೆಜಿಗೆ ಇಳಿಸಿಕೊಂಡರು. ನಮ್ಮಲ್ಲಿ ಮೂಟೆಯೂ 50, ಹೊರುವವರ ಮೈಯೂ ಹೆಚ್ಚುಕಡಿಮೆ 50. ಇನ್ನೊಂದು ಮಾತು. ಆ ನಿಯಮ ಒಂದು ಸಲದ ಭಾರವನ್ನು ಹೇಳಿತ್ತು, ಎಷ್ಟು ಸಲ ಎಂಬುದನ್ನು ಹೇಳಿರಲಿಲ್ಲ. 25 ಕೆಜಿ ಬ್ಲಾಕ್ ನಿಯಮದೊಳಗೇ ಇದೆ. ದಿನಕ್ಕೆ ನೂರು ಬ್ಲಾಕ್ ಏರಿಸಿದರೆ ಎರಡೂವರೆ ಟನ್. ಆಳು ಮೇಲಿಂದ ಬಿದ್ದರೆ ಅಪಘಾತ ಎಂದು ಬರೆದುಕೊಳ್ಳುತ್ತೇವೆ, ಪೊಲೀಸರು ಬರುತ್ತಾರೆ, ಪರಿಹಾರದ ಮಾತು ಏಳುತ್ತದೆ. ಮೂರು ವರ್ಷದಲ್ಲಿ ಬೆನ್ನು ಸವೆದರೆ ಕಟ್ಟಡದ ಯಾವ ರಿಜಿಸ್ಟರಿನಲ್ಲೂ ಅದು ಬರುವುದಿಲ್ಲ. ಆಳು ಊರಿಗೆ ಹೋದಳು ಎಂದು ಮೇಸ್ತ್ರಿ ಹೇಳುತ್ತಾರೆ, ಬೇರೆ ಆಳು ಬರುತ್ತಾಳೆ.

ಸಲಕರಣೆ ಇಲ್ಲವೇ ಎಂದರೆ, ಇದೆ. ಒಂಟಿಚಕ್ರದ ಕೈಗಾಡಿ, ಕರೆಂಟಿನ ಮಿನಿ ಲಿಫ್ಟು, ಎತ್ತರ ಹೆಚ್ಚುಕಡಿಮೆ ಮಾಡಬಹುದಾದ ಸ್ಟ್ಯಾಂಡು, ನಿಂತೇ ಕಂಬಿ ಕಟ್ಟಬಹುದಾದ ಉದ್ದ ಹಿಡಿಕೆಯ ಕೊಕ್ಕೆ. ಯಾವುದೂ ಚಂದ್ರಲೋಕದ ತಂತ್ರಜ್ಞಾನವಲ್ಲ. ನಮ್ಮದೇ ಜಿಲ್ಲೆಯ ಚಿನ್ನದ ಗಣಿಯ ಯಂತ್ರಗಳಿಗಾಗಿ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಎಳೆದು ತಂದರು. ಇವತ್ತು ವೇಮಗಲ್ ಕೈಗಾರಿಕಾ ಪ್ರದೇಶದಲ್ಲಿ ಎಂಥೆಂಥ ಯಂತ್ರಗಳ ಕಾರ್ಖಾನೆಗಳಿವೆಯೋ ನೋಡುತ್ತಿದ್ದೀರಿ. ಆ ಕಾರ್ಖಾನೆಯ ಕಾಂಪೌಂಡು ಗೋಡೆಗೆ ಬ್ಲಾಕ್ ಹೋಗುವುದು ಮಾತ್ರ ತಲೆಯ ಮೇಲೆ.

ಇನ್ನೂ ವಿಚಿತ್ರವೆಂದರೆ, ಮೋಲ್ಡ್ ಹಾಕುವ ದಿನ ಎಲ್ಲರೂ ಲಿಫ್ಟ್ ಮಿಷಿನ್ ತರಿಸುತ್ತಾರೆ. ಹಳ್ಳಿಯ ಎರಡು ಕೋಣೆಯ ಮನೆಗೂ ತರಿಸುತ್ತಾರೆ. ಯಾಕೆ? ನೀರು ಬೆರೆಸಿದ ಸಿಮೆಂಟು ಬಹಳ ಹೊತ್ತು ಕಾಯುವುದಿಲ್ಲ. ಅದು ಬಿಗಿಯಲು ಶುರುವಾಗುವ ಹೊತ್ತಿಗೆ ಮಾನಕದಲ್ಲಿ ಹಾಕಿರುವ ಕನಿಷ್ಠ ಗಡುವು 30 ನಿಮಿಷ. ತಡವಾದರೆ ಛಾವಣಿ ಕೆಡುತ್ತದೆ, ಮಾಲೀಕನಿಗೆ ನಷ್ಟ. ಆದ್ದರಿಂದ ಆ ಒಂದು ದಿನ ಯಂತ್ರ ಬರುತ್ತದೆ, ಮಾರನೆಯ ದಿನ ಹೋಗುತ್ತದೆ, ಉಳಿದ ಆರು ತಿಂಗಳು ತಲೆಹೊರೆ. ಹಣವಿಲ್ಲ, ಯಂತ್ರ ಸಿಗುವುದಿಲ್ಲ ಎಂಬ ಮಾತುಗಳನ್ನು ನಾನು ಇದಾದ ಮೇಲೆ ನಂಬುವುದನ್ನು ಬಿಟ್ಟೆ. ಕೆಟ್ಟುಹೋಗುವ ಕಾಂಕ್ರೀಟಿಗೆ ಒಬ್ಬ ಮಾಲೀಕನಿದ್ದಾನೆ. ಕೆಟ್ಟುಹೋಗುವ ಬೆನ್ನಿನ ನಷ್ಟ ಬೀಳುವುದು ರಾಯಚೂರಿನ ಕಡೆಯ ಯಾವುದೋ ಮನೆಯ ಮೇಲೆ.

ಇಷ್ಟೆಲ್ಲ ಯೋಚಿಸಿ ಉತ್ಸಾಹದಲ್ಲಿ ನಾನು ಮೊದಲು ಮಾಡಿದ ಕೆಲಸ ಸೋತಿತು. ಅದನ್ನೂ ಹೇಳಬೇಕು. ಕೋಲಾರಕ್ಕೆ ಹೋಗಿ ಎರಡು ಕೈಗಾಡಿ ಕೊಂಡು ತಂದೆ. ಮೂರನೆಯ ದಿನ ಹೋಗಿ ನೋಡಿದರೆ ಒಂದು ಶೆಡ್ಡಿನ ಹಿಂದೆ ಬೋರಲು ಬಿದ್ದಿದೆ, ಇನ್ನೊಂದರಲ್ಲಿ ಕಾವಲುಗಾರನ ಮಗು ಮಲಗಿದೆ. ಮೇಸ್ತ್ರಿಯನ್ನು ಕೇಳಿದೆ.

"ಅದು ಆಗಲ್ಲ ಸಾರ್, ಟೈಮ್ ಹಿಡಿಯುತ್ತೆ. ಇವರಿಗೆ ಅಭ್ಯಾಸ ಇಲ್ಲ, ಹೊತ್ತುಕೊಂಡೇ ಬೇಗ ಆಗುತ್ತೆ."

ನಾನು ಕೆಲಸದವರ ಅಜ್ಞಾನ ಎಂದುಕೊಂಡೆ. ನಮ್ಮಂಥ ಓದಿದವರಿಗೆ ಆ ಪದ ಬಾಯಿಗೆ ಬೇಗ ಬರುತ್ತದೆ. ಅದೇ ತಾಯಿಯನ್ನು ಕರೆದು ಕೇಳಿದೆ. ಅವರು ಒಂದೇ ಮಾತು ಹೇಳಿದರು: "ಗಾಡಿ ತಳ್ಳಾಕ ಹಾದಿ ಎಲ್ಲೈತ್ರಿ ಸಾಹೇಬ್ರ?"

ತಿರುಗಿ ನೋಡಿದೆ. ಮರಳಿನ ರಾಶಿಯಿಂದ ಕಟ್ಟಡದವರೆಗೆ ಅಗೆದ ಕಾಲುವೆ, ಕಂಬಿ ತುಂಡು, ಜಲ್ಲಿ, ಕೆಸರು. ಬಾಗಿಲಲ್ಲಿ ಒಂದೂವರೆ ಅಡಿ ಮೆಟ್ಟಿಲು. ಖಾಲಿ ಗಾಡಿಯನ್ನೇ ನಾನು ತಳ್ಳಲಾರೆ. ಮೂವತ್ತು ವರ್ಷ ರಸ್ತೆ ಮಾಡಿಸಿದ ಎಂಜಿನಿಯರು ಚಕ್ರ ಕೊಂಡು ತಂದಿದ್ದ, ರಸ್ತೆ ಮರೆತಿದ್ದ. ಆ ದಿನ ನಾಚಿಕೆಯಾಯಿತು.

ಆಮೇಲೆ ಒಂದು ವಾರ ಬೇರೇನೂ ಮಾಡಲಿಲ್ಲ. ಕಾಲುವೆ ಮುಚ್ಚಿಸಿ, ಮೂರಡಿ ಅಗಲದ ಹಾದಿಗೆ ಕಲ್ಲುಪುಡಿ ಹಾಕಿ ದಮ್ಮಸ್ಸು ಮಾಡಿಸಿದೆವು. ಬಾಗಿಲಿಗೆ ಹಳೆ ಸೆಂಟ್ರಿಂಗ್ ಹಲಗೆಯಿಂದ ಇಳಿಜಾರು ಕಟ್ಟಿಸಿದೆವು. ಬ್ಲಾಕ್ ಲಾರಿ ಎಲ್ಲಿ ಇಳಿಸಬೇಕೆಂದು ಸುಣ್ಣದಲ್ಲಿ ಗೆರೆ ಹಾಕಿದೆವು. ಡ್ರೈವರು ತನಗೆ ಅನುಕೂಲವಾದಲ್ಲಿ ಸುರಿದು ಹೋದರೆ ಐವತ್ತು ಅಡಿ ಹೆಚ್ಚು ಹೊರುವವರು ಇವರೇ ತಾನೆ. ಗಾಡಿ ಓಡತೊಡಗಿತು. ಯಾರೂ ಭಾಷಣ ಮಾಡಬೇಕಾಗಲಿಲ್ಲ.

ಹಲಗೆಯ ವಿಷಯದಲ್ಲಿ ಮೇಸ್ತ್ರಿಯನ್ನು ಒಪ್ಪಿಸುವುದು ಬೇರೆ ಕಥೆ. ನಾನೊಂದು ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಗೋಡೆ ಕಟ್ಟುವ ಒಬ್ಬರು ಗಾರೆಯವರು ಎಷ್ಟು ಸಲ ಬಗ್ಗುತ್ತಾರೆ ಎಂದು ಎಣಿಸಿದೆ. ಒಂದು ಗಂಟೆಯಲ್ಲಿ 73 ಸಲ. ಬ್ಲಾಕಿಗೊಂದು ಸಲ, ಗಾರೆಗೆ ನಾಲ್ಕೈದು ಸಲ. ಬ್ಲಾಕನ್ನೂ ಗಾರೆಯ ಬಾಂಡ್ಲಿಯನ್ನೂ ಡ್ರಮ್ಮಿನ ಹಲಗೆಗೆ ಏರಿಸಿ ಮತ್ತೆ ಎಣಿಸಿದೆ. ಹದಿನೈದೂ ಆಗಲಿಲ್ಲ. ಸಂಜೆಗೆ ಗೋಡೆ ಅಳೆದರೆ ಕೆಲಸ ಕಡಿಮೆಯಾಗಿರಲಿಲ್ಲ, ಒಂದು ವರಸೆ ಹೆಚ್ಚೇ ಎದ್ದಿತ್ತು. ಮೇಸ್ತ್ರಿಗೆ ಬೇಕಾದದ್ದು ಆ ಅಳತೆ. ಅವರು ದುಷ್ಟರಲ್ಲ. ಚದರಕ್ಕೆ ಇಷ್ಟು ಎಂದು ಮಾತಾಡಿಕೊಂಡು ಬಂದವರು, ಅರ್ಧ ದಿನ ಹೋದರೆ ತಮ್ಮ ಕೈಯಿಂದ ಕೂಲಿ ಕೊಡಬೇಕಾದವರು. ಮಾಲೀಕರಿಂದ ಕಂಟ್ರಾಕ್ಟರು, ಕಂಟ್ರಾಕ್ಟರಿಂದ ಮೇಸ್ತ್ರಿ, ಮೇಸ್ತ್ರಿಯಿಂದ ಆಳು ಎಂದು ದರ ಇಳಿದು ಬರುವಾಗ ಗಾಡಿಯ ಖರ್ಚು ಯಾರದು ಎಂಬ ಪ್ರಶ್ನೆ ಪ್ರತಿ ಮೆಟ್ಟಿಲಲ್ಲೂ ಕೆಳಗಿನವರ ಕಡೆಗೆ ಜಾರುತ್ತದೆ. ಕೊನೆಗೆ ತಳದಲ್ಲಿರುವವರು ಸಿಂಬೆ ಸುತ್ತಿಕೊಳ್ಳುತ್ತಾರೆ. ಆದ್ದರಿಂದ ಸಲಕರಣೆಯ ಹಣವನ್ನು ಮಾಲೀಕರೇ ಪ್ರತ್ಯೇಕವಾಗಿ ಕೊಡದ ಹೊರತು ಇದು ನಡೆಯುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮೇಸ್ತ್ರಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ.

ನಡುವೆ ಒಬ್ಬ ಉದಾರಿಗಳು ಇಪ್ಪತ್ತು ಸೊಂಟದ ಬೆಲ್ಟು ದಾನ ಕೊಟ್ಟರು. ಫೋಟೋ ಆಯಿತು. ಬೇಸಿಗೆಯ ಬೆವರಿಗೆ ಯಾರೂ ಎರಡನೆಯ ದಿನ ಕಟ್ಟಲಿಲ್ಲ, ಕಟ್ಟದಿದ್ದದ್ದೂ ಒಳ್ಳೆಯದೇ. ಆರೋಗ್ಯವಂತ ಕೆಲಸಗಾರರ ಬೆನ್ನನ್ನು ಇಂಥ ಬೆಲ್ಟು ಕಾಪಾಡುತ್ತದೆ ಎನ್ನಲು ಆಧಾರವಿಲ್ಲವೆಂದು ಮೇಲೆ ಹೇಳಿದ ಅಮೆರಿಕದ ಸಂಸ್ಥೆಯೇ 1994ರಲ್ಲಿ ತಿಳಿಸಿದೆ. ಬೆಲ್ಟು ಕಟ್ಟಿದ್ದೇವಲ್ಲ ಎಂದು ಇನ್ನೊಂದು ಬ್ಲಾಕ್ ಹೊರಿಸುವ ಅಪಾಯವೇ ಹೆಚ್ಚು. ದಾನಿಗಳು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಮುಂದಿನ ಸಲ ಅದೇ ಹಣದಲ್ಲಿ ಮಿನಿ ಲಿಫ್ಟಿನ ಬಾಡಿಗೆ ಕೊಡಲಿ.

ಮಿನಿ ಲಿಫ್ಟು ಬಂದಾಗ ನಾನು ಎಣಿಸದ ಒಂದು ತೊಡಕು ಎದ್ದಿತು. ಲಿಫ್ಟು ನಿಲ್ಲಿಸಿದ ಮರುದಿನವೇ ಮೇಸ್ತ್ರಿ, "ಇನ್ನು ನಾಲ್ಕು ಹೆಣ್ಣಾಳು ಬೇಡ ಸಾರ್, ಕಳಿಸಿಬಿಡ್ತೀನಿ" ಎಂದರು. ಲಿಫ್ಟಿನ ಗುಂಡಿ ಒತ್ತಲು ತಮ್ಮ ಕಡೆಯ ಒಬ್ಬ ಹುಡುಗನನ್ನು ಆಗಲೇ ಗೊತ್ತು ಮಾಡಿದ್ದರು. ಹೆಂಗಸರು ಅಷ್ಟು ದಿನ ಲಿಫ್ಟನ್ನು ಅನುಮಾನದಿಂದ ನೋಡುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಯಂತ್ರ ಬಂದರೆ ಹೊರೆಯ ಜೊತೆ ಕೂಲಿಯೂ ಹೋಗುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಬೆನ್ನು ಉಳಿದು ಹೊಟ್ಟೆ ಹೋದರೆ ಏನು ಸಾಧಿಸಿದಂತಾಯಿತು? ಸಮಿತಿಯಲ್ಲಿ ಸ್ವಲ್ಪ ಜೋರು ಮಾತೇ ಆಯಿತು. ಕಡೆಗೆ ಕಟ್ಟಡ ಮುಗಿಯುವವರೆಗೆ ಯಾರನ್ನೂ ತೆಗೆಯುವಂತಿಲ್ಲ, ಲಿಫ್ಟು ನಡೆಸಲು ಇಬ್ಬರು ಹೆಂಗಸರಿಗೇ ಕಲಿಸಬೇಕು, ಉಳಿದವರು ಕ್ಯೂರಿಂಗ್, ಪಾಯಿಂಟಿಂಗ್ ಕಲಿಯಲಿ ಎಂದು ತೀರ್ಮಾನವಾಯಿತು. ಕಲಿಯಲು ಎರಡು ದಿನ ಸಾಕಾಯಿತು. ಹಗ್ಗ ಸವೆದಿದೆಯೇ ನೋಡುವುದು, ಕೊಕ್ಕೆಯ ಚಿಲಕ ಹಾಕುವುದು, ಕೆಳಗೆ ಹಗ್ಗ ಕಟ್ಟಿ ಯಾರೂ ನಿಲ್ಲದಂತೆ ಮಾಡುವುದು, ತೊಟ್ಟಿಯಲ್ಲಿ ಮನುಷ್ಯರನ್ನು ಎಂದೂ ಏರಿಸದಿರುವುದು. ಇಷ್ಟು ಶಿಸ್ತು ಅವರು ಪಾಲಿಸಿದಷ್ಟು ನನ್ನ ಸೇವೆಯಲ್ಲಿ ಡಿಪ್ಲೊಮಾ ಓದಿದವರೂ ಪಾಲಿಸಿದ್ದು ಕಡಿಮೆ.

ಕಂಬಿ ಕಟ್ಟುವ ಉದ್ದ ಹಿಡಿಕೆಯ ಕೊಕ್ಕೆ ಮಾತ್ರ ನಡೆಯಲಿಲ್ಲ. ಛಾವಣಿಯ ಜಾಲಿಗೆ ಸರಿ, ತೊಲೆಯ ಒಳಗೆ ಕೈ ಆಡುವುದಿಲ್ಲ. ಅದನ್ನು ಬಿಟ್ಟೆವು.

ನಮ್ಮ ಪರಂಪರೆಯ ಮಾತು ಇಲ್ಲಿ ತಾನಾಗಿ ಬರುತ್ತದೆ. ಸೊನ್ನಲಿಗೆಯ ಸಿದ್ಧರಾಮರು, ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದವರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ಒಡ್ಡರಾಮನೆಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಇದೆ. ಇವತ್ತಿಗೂ ಮಣ್ಣು ಕಲ್ಲಿನ ಕೆಲಸದ ಭೋವಿ ಸಮಾಜದವರು ಸಿದ್ಧರಾಮರನ್ನು ತಮ್ಮ ಗುರುವೆಂದು ಪೂಜಿಸುತ್ತಾರೆ. ನಮ್ಮ ಜಿಲ್ಲೆಯ ಕೆರೆಗಳ ಏರಿಗಳೆಲ್ಲ ಇಂಥ ಕೈಗಳಿಂದ, ಇಂಥ ತಲೆಗಳ ಮೇಲೆ ಎದ್ದವು. ಅಲ್ಲಮರ ಪ್ರಶ್ನೆಗೆ ಪಂಡಿತರು ಬೇರೆ ಆಳದ ಅರ್ಥ ಹೇಳುತ್ತಾರೆ, ನಾನು ಅಲ್ಲಿಗೆ ಹೋಗುವುದಿಲ್ಲ. ನನಗೆ ಹೊಳೆದದ್ದು ಇಷ್ಟು: ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ, ಹೊತ್ತವರ ಲೆಕ್ಕ ಎಲ್ಲಿಯೂ ಇಲ್ಲ. ಕಾಯಕದ ಬಗ್ಗೆ ನಾವು ಪ್ರವಚನ ಕೇಳುತ್ತೇವೆ, ಕೇಳಿಸುತ್ತೇವೆ. ಆ ಪ್ರವಚನ ನಡೆಯುವ ಮಂಟಪವನ್ನು ಕಟ್ಟಿದವರ ಕಾಯಕ ಅವರ ಕಾಯವನ್ನು ಮೂವತ್ತನಾಲ್ಕಕ್ಕೇ ಮುಗಿಸುತ್ತಿದ್ದರೆ, ಪ್ರವಚನದ ದಿನ ನಮಗೆ ಹಾಯಾಗಿ ಕೂರಲು ಆಗಬಾರದು.

ನಮ್ಮ ಸಮಾಜದಲ್ಲಿ ಈಗ ಕಟ್ಟಡದ ಕಾಲ. ಮಠಗಳು ಪ್ರಸಾದ ನಿಲಯ ಕಟ್ಟುತ್ತಿವೆ, ಟ್ರಸ್ಟುಗಳು ಕಲ್ಯಾಣ ಮಂಟಪ ಕಟ್ಟುತ್ತಿವೆ, ಕಾಲೇಜುಗಳು ಏಳುತ್ತಿವೆ. ಓದುಗರಲ್ಲೇ ಕಂಟ್ರಾಕ್ಟರುಗಳು ಎಷ್ಟು ಜನವಿಲ್ಲ. ಸರ್ಕಾರ ಬದಲಾಗಲಿ ಎಂದು ಕಾಯಬೇಕಾಗಿಲ್ಲ, ಇಲ್ಲಿ ಮಾಲೀಕರು ನಾವೇ. ಆದ್ದರಿಂದ ಪೂಜ್ಯರಲ್ಲಿಯೂ ಕಟ್ಟಡ ಸಮಿತಿಗಳಲ್ಲಿಯೂ ನನ್ನ ವಿನಂತಿ: ಮುಂದಿನ ಎಸ್ಟಿಮೇಟಿನಲ್ಲಿ ಸಲಕರಣೆಗೆ ಒಂದು ಪ್ರತ್ಯೇಕ ಸಾಲು ಬರೆಯಿಸಿ. ಹಾದಿ, ಇಳಿಜಾರು, ಗಾಡಿ, ಲಿಫ್ಟಿನ ಬಾಡಿಗೆ, ಹಲಗೆ ಸ್ಟ್ಯಾಂಡು ಅದರಲ್ಲಿ ಬರಲಿ. ಚದರದ ದರದೊಳಗೆ ಸೇರಿಸಬೇಡಿ, ಸೇರಿಸಿದರೆ ಅದು ಮಾಯವಾಗುತ್ತದೆ. ಇಡೀ ಮೂಟೆಯನ್ನು ಒಬ್ಬರ ತಲೆಗೆ ಏರಿಸುವಂತಿಲ್ಲ ಎಂದು ಕರಾರಿನಲ್ಲಿ ಬರೆಯಿಸಿ. ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದಾರೆಯೇ ನೋಡಿ, ಇಲ್ಲದಿದ್ದರೆ ನಮ್ಮ ಯುವಕರು ಒಂದು ಭಾನುವಾರ ಕೂತು ಅರ್ಜಿ ತುಂಬಿಕೊಡಲಿ. ಮಂಡಳಿಯ ಸೆಸ್ಸಾಗಿ ಕಟ್ಟಡದ ವೆಚ್ಚದ ನೂರಕ್ಕೆ ಒಂದರಂತೆ ಹಣ ಅವರಿಗಾಗಿಯೇ ಹೋಗುತ್ತದೆ, ನೋಂದಣಿ ಇಲ್ಲದ ಆಳಿಗೆ ಅದರಲ್ಲಿ ಚಿಕ್ಕಾಸೂ ಬಾರದು. ಮತ್ತೆ, ಯಂತ್ರ ತರುವ ಮೊದಲು ಅದರಿಂದ ಕೆಲಸ ಕಳೆದುಕೊಳ್ಳುವವರು ಯಾರು ಎಂದು ಮೇಸ್ತ್ರಿಯನ್ನಲ್ಲ, ಆಳುಗಳನ್ನೇ ಕೇಳಿ.

ನಮ್ಮ ಭವನದಲ್ಲಿ ಇದಕ್ಕೆಲ್ಲ ಆದ ಖರ್ಚನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಒಟ್ಟು ಸೇರಿಸಿದರೂ ಉದ್ಘಾಟನೆಯ ದಿನದ ಪೆಂಡಾಲಿಗೆ ಸಮಿತಿ ಎತ್ತಿಟ್ಟಿರುವ ಹಣಕ್ಕಿಂತ ಕಡಿಮೆ. ಯಾವ ಸಮಿತಿಯವರು ಬಂದರೂ ತೋರಿಸುತ್ತೇನೆ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾನು ಅಲ್ಲೇ ಇರುತ್ತೇನೆ.

ಆ ರಾಯಚೂರಿನ ತಾಯಿ ಈಗ ಲಿಫ್ಟಿನ ಗುಂಡಿಯ ಹತ್ತಿರ ಇದ್ದಾರೆ. ಗುಳಿಗೆ ಪೂರ್ತಿ ಬಿಟ್ಟಿಲ್ಲ. ಮೂರು ವರ್ಷದ ನೋವು ಮೂರು ತಿಂಗಳಲ್ಲಿ ಹೋಗುವುದಿಲ್ಲ. ಮೊನ್ನೆ ನನ್ನನ್ನು ತಡೆದು ಕೇಳಿದರು: "ಮಿಷಿನ್ ನಡಸೋರಿಗೆ ಗಂಡಾಳಿನ ಪಗಾರ ಕೊಡ್ತಾರಂತ್ರಿ. ನಾ ನಡಸಿದ್ರ ಯಾಕ ಹೆಣ್ಣಾಳಿಂದ ಕೊಡ್ತೀರಿ?" ನನ್ನಲ್ಲಿ ಉತ್ತರ ಇರಲಿಲ್ಲ. ಮುಂದಿನ ಸೋಮವಾರದ ಸಮಿತಿ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯವಾಗಿ ಅದನ್ನೇ ಬರೆದಿದ್ದೇನೆ.